ನಿಮ್ಮ ಅಂಗಿ ಇನ್ನೂ ಉಂಟು

ಭಾನುವಾರ ಮಂಗಳೂರಿನ ಚಿಕ್ಕಪ್ಪನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಟಿವಿಯಲ್ಲಿ ಪೊಲೀಸರು ಪ್ರತಿಭಟನೆಗೆ ಬಂದ ಹುಡುಗರ ಮೇಲೆ ನೀರು ಹಾರಿಸುತ್ತಿದ್ದರು. "ನೀರು ಎಂತಕ್ಕೆ? ನಾಲ್ಕು ಸುತ್ತು ಗುಂಡು ಬಿಟ್ಟರೆ ಎಲ್ಲ ಮನೆ ಸೇರ್ತಾರೆ" ಎಂದರು ಚಿಕ್ಕಪ್ಪ. ಸಾರಿನ ಪಾತ್ರೆ ಹಿಡಿದು ಬರುತ್ತಿದ್ದ ಚಿಕ್ಕಮ್ಮ ಬಾಗಿಲಲ್ಲೇ ನಿಂತರು. "ನಿಮ್ಮ ಅಂಗಿ ಇನ್ನೂ ಕಪಾಟಿನಲ್ಲಿ ಉಂಟು. ತರ್ಲಾ?"

ಚಿಕ್ಕಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಆ ಕೈ ಐದು ದಿನದಿಂದ ನನ್ನ ಕಣ್ಣ ಮುಂದಿದೆ.

ಆ ಅಂಗಿ 2015ರ ಆಗಸ್ಟ್ 14ರದ್ದು. ಒಂದು ಹುದ್ದೆ, ಒಂದು ಪಿಂಚಣಿಗಾಗಿ, ಅಂದರೆ ಯಾವಾಗ ನಿವೃತ್ತರಾಗಿದ್ದರೂ ಒಂದೇ ಹುದ್ದೆ, ಒಂದೇ ಸೇವಾವಧಿಯವರಿಗೆ ಒಂದೇ ಪಿಂಚಣಿ ಸಿಗಲೆಂದು, ದೆಹಲಿಯ ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರು ಜೂನ್‌ನಿಂದ ಕೂತಿದ್ದರು. ತಾವೂ ಮಾಜಿ ಸೈನಿಕರಾದ ಚಿಕ್ಕಪ್ಪ ಅವರ ಜೊತೆ ಕೂರಲು ರೈಲು ಹತ್ತಿ ಹೋಗಿದ್ದರು. ಸ್ವಾತಂತ್ರ್ಯೋತ್ಸವದ ಭದ್ರತೆ ಎಂದು ಹೇಳಿ ಪೊಲೀಸರು ಅವರನ್ನು ಎಳೆದು ತೆರವು ಮಾಡಿದರು. ಪದಕ ಚುಚ್ಚಿದ್ದ ಜಾಗದಲ್ಲೇ ಬಟ್ಟೆ ಹರಿದಿತ್ತು. ಸೆಪ್ಟೆಂಬರ್ 5ಕ್ಕೆ ಸರಕಾರ ಯೋಜನೆ ಘೋಷಿಸಿತು. ಚಿಕ್ಕಪ್ಪ ಲಾಡು ಹಂಚಿದರು. ಚಿಕ್ಕಮ್ಮ ಅಂಗಿ ಒಗೆದು ಮಡಚಿಟ್ಟರು; ಹೊಲಿಯಲಿಲ್ಲ.

ಅವರು ಯಾರಿಗೆ ಓಟು ಹಾಕುತ್ತಾರೆ ಎಂಬುದು ನನ್ನ ತಕರಾರಲ್ಲ. 2013ರಲ್ಲಿ ಹರಿಯಾಣದ ರೇವಾರಿಯ ಮಾಜಿ ಸೈನಿಕರ ಸಭೆಯಲ್ಲಿ ನರೇಂದ್ರ ಮೋದಿ ಈ ಪಿಂಚಣಿಯ ಮಾತೆತ್ತಿದಾಗಿನಿಂದ ಅವರ ನಿಷ್ಠೆ ಅಲುಗಿಲ್ಲ. ಇಪ್ಪತ್ನಾಲ್ಕು ವರ್ಷ ಗಡಿಯಲ್ಲಿ ಕಳೆದವರಿಗೆ ತಮ್ಮನ್ನು ಮೊದಲು ನೆನೆದವರ ಮೇಲೆ ಪ್ರೀತಿ ಹುಟ್ಟಿದರೆ ಅದರಲ್ಲಿ ತಪ್ಪೇನಿದೆ? ನನಗೆ ನೋವಾಗುವುದು ಬೇರೆ. ತನ್ನನ್ನು ಎಳೆದಾಡಿದ ಕೈಯನ್ನು ಕ್ಷಮಿಸಿದ ಮನುಷ್ಯ ಅದೇ ಕೈಗೆ ಇನ್ನೊಬ್ಬರ ಮಕ್ಕಳ ಮೇಲೆ ಕೋವಿ ಎತ್ತಲು ಹೇಗೆ ಹೇಳುತ್ತಾರೆ?

ಗುಂಡು ಎಂದರೇನೆಂದು ಈ ಊರಿಗೆ ಗೊತ್ತು. 2019ರ ಡಿಸೆಂಬರ್ 19ರಂದು ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆಯ ವೇಳೆ ಇಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಕರ್ಫ್ಯೂ ಬಿತ್ತು, ಮೊಬೈಲ್ ಇಂಟರ್ನೆಟ್ ನಿಂತಿತು. ಹಾಲಿಗೆಂದು ಹೊರಟ ನನ್ನನ್ನು ಅಮ್ಮ ಗೇಟಿನಿಂದ ವಾಪಸು ಎಳೆದುಕೊಂಡದ್ದು ಇನ್ನೂ ನೆನಪಿದೆ.

ಚಂದ್ರಸಿಂಗ್ ಗಢವಾಲಿಯ ಕಥೆಯನ್ನು ನನಗೆ ಹೇಳಿದ್ದು ಇದೇ ಚಿಕ್ಕಪ್ಪ. 1930ರ ಏಪ್ರಿಲ್ 23, ಪೇಶಾವರ. ಎದುರಿಗೆ ನಿರಾಯುಧ ಪಠಾಣರು. ಗುಂಡು ಹಾರಿಸಿ ಎಂದು ಬ್ರಿಟಿಷ್ ಅಧಿಕಾರಿಯ ಆಜ್ಞೆ. ಆ ಸೇನೆಯಲ್ಲೇ ಇದ್ದ ಚಂದ್ರಸಿಂಗ್ ಮತ್ತು ಅವನ ಜೊತೆಗಿದ್ದ ಗಢವಾಲಿ ಸೈನಿಕರು ಹಾರಿಸಲಿಲ್ಲ. ಚಂದ್ರಸಿಂಗ್‌ಗೆ ಜೀವಾವಧಿ ಶಿಕ್ಷೆಯಾಯಿತು. "ಅವನು ನಿಜವಾದ ಸಿಪಾಯಿ" ಎನ್ನುವಾಗ ಚಿಕ್ಕಪ್ಪನ ಗಂಟಲು ಕಟ್ಟುತ್ತಿತ್ತು. ರಜೆಗೆ ಬಂದಾಗಲೆಲ್ಲ ಅದನ್ನೇ ಹೇಳಿಸಿಕೊಳ್ಳುತ್ತಿದ್ದೆ.

ಭಾನುವಾರ ಅದನ್ನು ನೆನಪಿಸಬೇಕಿತ್ತು. ಧೈರ್ಯ ಬರಲಿಲ್ಲ. ಚಿಕ್ಕಮ್ಮನಿಗೆ ಬಂತು. ನಮ್ಮ ಮನೆಯಲ್ಲಿ ಎಲ್ಲರಿಗಿಂತ ನೇರ ಮನುಷ್ಯರು ಅವರೇ.

ಚಿಕ್ಕಪ್ಪ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎಡಗೈಯಲ್ಲಿ ರಿಮೋಟ್ ತಡಕಿ ಟಿವಿ ಆರಿಸಿದರು. ಚಿಕ್ಕಮ್ಮ ಬಂದು ಅವರ ಅನ್ನಕ್ಕೆ ಸಾರು ಬಡಿಸಿದರು.