ಮಿಕ್ಸರಿನಿಂದ ಫೋನಿಗೆ ಬಂದ ಅರ್ಥಗಾರಿಕೆ

ಬದಿಯಡ್ಕದ ಹತ್ತಿರ ಮಾವನ ಮನೆಯ ಚಾವಡಿಯಲ್ಲಿ ತಾಳಮದ್ದಳೆ, ಅಂದರೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ. ವಾಲಿಯ ಅರ್ಥ ಹೇಳುವ, ಅಂದರೆ ವಾಲಿಯಾಗಿ ಮಾತಾಡುವ ಹಿರಿಯರಿಗೆ ಈಗ ತುಂಬ ವಯಸ್ಸಾಗಿದೆ. ಅವರ ಮಾತು ಚೆನ್ನಾಗಿ ರೆಕಾರ್ಡ್ ಆಗಲೇಬೇಕೆಂದು ನನಗೆ ಹಟ. ಸಭೆಯಲ್ಲಿ ಕೂತು ಫೋನ್ ಹಿಡಿದರೆ ಸಿಗುವುದು ಚೆಂಡೆ, ಫ್ಯಾನು, ಪಕ್ಕದವರ ಪಟ್ಟಾಂಗ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಮಾತೇ ಕೇಳದಿದ್ದರೆ ಮತ್ತೇನು ಉಳಿಯಿತು?

ಹಾಗಾಗಿ ಮೈಕುಗಳ ದನಿಯೆಲ್ಲ ಬಂದು ಸೇರುವ ಮಿಕ್ಸರಿನಿಂದಲೇ ಫೋನಿಗೆ ವಯರ್ ಎಳೆದೆ.

ಮೈಕಿನ ಅಣ್ಣ, “ಔಟ್ ಉಂಟಲ್ಲ, ಸಿಕ್ಕಿಸಿ” ಎಂದು ತಮ್ಮ ವಯರ್ ಕೊಟ್ಟರು. ಅದರ ಪಿನ್ನಿಗೆ ಎರಡೇ ಕಪ್ಪು ಗೆರೆ. ಫೋನಿಗೆ ಬೇಕಾದದ್ದು ಮೂರು ಗೆರೆಯದ್ದು, ಅಂದರೆ ನಾಲ್ಕು ಭಾಗದ್ದು. ಈಗಿನ ಪಿನ್ನುಗಳಲ್ಲಿ ಸಾಮಾನ್ಯವಾಗಿ ತುದಿ ಎಡಕಿವಿಗೆ, ಮುಂದಿನದು ಬಲಕಿವಿಗೆ, ಮೂರನೆಯದು ಗ್ರೌಂಡ್ (ಎಲ್ಲಕ್ಕೂ ಒಂದೇ ವಾಪಸು ದಾರಿ), ಬುಡದ್ದು ಮೈಕಿಗೆ.

ಪಿನ್ ಸರಿಯಾದರೆ ಸಾಲದು. ಮಿಕ್ಸರಿನಿಂದ ಬರುವುದು ಒಂದು ವೋಲ್ಟಿನ ಆಸುಪಾಸು. ಫೋನಿನ ಮೈಕಿಗೆ ಕೆಲವೇ ಮಿಲಿವೋಲ್ಟ್ ಸಾಕು. ನೇರ ಕೊಟ್ಟರೆ ದನಿ ಒಡೆದು ಬರೀ ಗೊರಗೊರ. ಅದಕ್ಕೆಂದೇ ನಾನು ಮನೆಯಲ್ಲಿ ಬೆಸುಗೆ ಹಾಕಿದ ವಯರ್ ತಂದಿದ್ದೆ. ಮಿಕ್ಸರಿನ ಕಡೆಯಿಂದ 10 ಕಿಲೋ ಓಮ್ ರೆಸಿಸ್ಟರ್, ಅಲ್ಲಿಂದ ಗ್ರೌಂಡಿಗೆ 100 ಓಮ್. ನೂರರಲ್ಲಿ ಒಂದು ಪಾಲಷ್ಟೇ ಮುಂದೆ ಹೋಗುತ್ತದೆ. ಫೋನು ಮೈಕಿಗೆಂದು ಕಳಿಸುವ ಸಣ್ಣ ಡಿಸಿ ವೋಲ್ಟೇಜು ಮಿಕ್ಸರಿಗೆ ಹೋಗದಂತೆ ಒಂದು ಕೆಪಾಸಿಟರ್. ಫೋನಿನ ಕಡೆ ಮೈಕಿಗೂ ಗ್ರೌಂಡಿಗೂ ನಡುವೆ 2.2 ಕಿಲೋ ಓಮ್. ಇದಿಲ್ಲದಿದ್ದರೆ ಹೊರಗೆ ಮೈಕ್ ಇದೆಯೆಂದು ಫೋನಿಗೆ ತಿಳಿಯುವುದೇ ಇಲ್ಲ, ಸುಮ್ನೆ ತನ್ನದೇ ಮೈಕಿನಿಂದ ರೆಕಾರ್ಡ್ ಮಾಡುತ್ತದೆ.

ಸಿಕ್ಕಿಸಿದ ಮೇಲೆ ಫೋನಿನ ಕೆಳಗಿನ ಮೈಕಿನ ತೂತನ್ನು ಉಗುರಿನಿಂದ ಕೆರೆದೆ. ಪರದೆಯಲ್ಲಿ ದನಿ ತೋರಿಸುವ ಗೆರೆ ಅಲುಗಲಿಲ್ಲ, ಅಂದರೆ ಫೋನಿನ ಮೈಕ್ ಬಂದ್ ಆಗಿತ್ತು. ಹಾಡುವ ಭಾಗವತರು ಶ್ರುತಿ ಹಿಡಿದು “ಆ...” ಎಂದರು, ಗೆರೆ ಎದ್ದಿತು! ಎಷ್ಟು ಖುಷಿಯಾಯಿತೆಂದರೆ, ಚಾ ಕೊಟ್ಟದ್ದೂ ಗೊತ್ತಾಗಲಿಲ್ಲ. ಚಾರ್ಜರ್ ಹಾಕಿದಾಗ ಮಾತ್ರ ಗುಂಯ್ ಎಂದಿತು. ತೆಗೆದೆ, ನಿಂತಿತು.

ರಾತ್ರಿ ಇಯರ್‌ಫೋನಿನಲ್ಲಿ ಕೇಳಿದೆ. ಬಾಣ ನಾಟಿದ ವಾಲಿ ರಾಮನನ್ನು ಕೇಳುವಾಗ ಹಿರಿಯರು ದನಿ ತಗ್ಗಿಸುತ್ತಾರೆ. ಸಭೆಯಲ್ಲಿ ನನಗೆ ಅರ್ಧ ತಪ್ಪಿದ್ದ ಆ ಮಾತು ಉಸಿರಿನ ಸಮೇತ ಬಂದಿತ್ತು. ಚೆಂಡೆಗೆ ಮೈಕ್ ಇಟ್ಟಿರಲಿಲ್ಲ, ಹಾಗಾಗಿ ಅದು ಮಾತ್ರ ತೀರಾ ಸಣ್ಣಕ್ಕೆ.

“ಮಾತು ಲಾಯ್ಕ ಬಂದಿದೆ ಮಾರಾಯ. ಮುಂದಿನ ಸಲ ಚೆಂಡೆಗೂ ಒಂದು ಮೈಕ್ ಇಡುವ” ಎಂದರು ಮಾವ. ಮೈಕಿನ ಅಣ್ಣನಿಗೆ ಹೇಳಿಟ್ಟಿದ್ದೇನೆ.