ಭಾನುವಾರ, ಒಣದ್ರಾಕ್ಷಿ ಮತ್ತು ಜರ್ಮನಿಯ ನಾಯಿ ಡಾಕ್ಟರು

ಜರ್ಮನಿಯಲ್ಲಿ ನಾಯಿ ಸಾಕಿರುವ ಕನ್ನಡಿಗರ ಮನೆಗೆ ಆಪತ್ತು ಬರುವುದು ಅಡುಗೆಮನೆಯಿಂದ, ಅದೂ ಹುಡುಕಿಕೊಂಡು ಭಾನುವಾರವೇ. ವಾರವೆಲ್ಲ ಬ್ರೆಡ್ಡಿನಲ್ಲಿ ಕಾಲ ಕಳೆದವರು ಅವತ್ತು ಪಾಯಸಕ್ಕೆ ಕೈ ಹಾಕಿರುತ್ತಾರೆ. ತುಪ್ಪದಲ್ಲಿ ಹುರಿದು ಆರಲು ಇಟ್ಟ ಗೋಡಂಬಿ, ದ್ರಾಕ್ಷಿಯ ತಟ್ಟೆ ಖಾಲಿ. ಪಕ್ಕದಲ್ಲಿ ಮೂತಿ ನೆಕ್ಕುತ್ತ ನಿಂತ ನಾಯಿ. ಮ್ಯೂನಿಕ್‌ನ ನಮ್ಮ ಮನೆಯಲ್ಲಿ ಆದದ್ದೂ ಇಷ್ಟೇ. ನಾಯಿ ಲವಲವಿಕೆಯಿಂದಲೇ ಇತ್ತು. ಮೋಸ ಇರುವುದೇ ಅಲ್ಲಿ.

ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ. ವಾಂತಿ ಸಾಮಾನ್ಯವಾಗಿ ಮೊದಲ 24 ಗಂಟೆಯೊಳಗೆ ಶುರುವಾಗುತ್ತದೆ, ಕಿಡ್ನಿ ಕೈಕೊಡುವುದು ಒಂದರಿಂದ ಮೂರು ದಿನದಲ್ಲಿ. ಮೂತ್ರ ಕಡಿಮೆಯಾದದ್ದು ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿರುತ್ತದೆ. ಎಷ್ಟು ತಿಂದರೆ ಅಪಾಯವಿಲ್ಲ ಎಂಬ ಲೆಕ್ಕ ಯಾವ ಡಾಕ್ಟರೂ ಕೊಡುವುದಿಲ್ಲ. 2021ರಲ್ಲಿ ಅಮೆರಿಕದ ಪ್ರಾಣಿವಿಷ ತಜ್ಞರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆ ಬೊಟ್ಟು ಮಾಡಿದರು. ದ್ರಾಕ್ಷಿಯ ತಳಿಯಿಂದ ತಳಿಗೆ ಆ ಆಮ್ಲದ ಪ್ರಮಾಣ ಬದಲಾಗುವುದರಿಂದ, ಒಂದು ನಾಯಿ ಹಿಡಿ ತಿಂದು ಆರಾಮಾಗಿದ್ದರೆ ಇನ್ನೊಂದು ನಾಲ್ಕು ಕಾಳಿಗೇ ಮಲಗಬಹುದು. ಅದೇ ತಜ್ಞರು ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಇಂಥದೇ ಕಿಡ್ನಿ ತೊಂದರೆ ಕಂಡಿದ್ದಾರೆ. ಪುಳಿಯೋಗರೆ ಗೊಜ್ಜು ಮಾಡುವ ಮನೆಯವರು ಇದನ್ನು ದ್ರಾಕ್ಷಿಗಿಂತ ಗಟ್ಟಿಯಾಗಿ ನೆನಪಿಡಬೇಕು. ಇಲ್ಲಿನ ಡಾಕ್ಟರರು ದ್ರಾಕ್ಷಿ ಎಂದ ತಕ್ಷಣ ಎದ್ದು ನಿಲ್ಲುತ್ತಾರೆ. ಹುಣಸೆಯಾದರೆ ಅದು ಏನು, ಅದರಲ್ಲಿ ಯಾವ ಆಮ್ಲವಿದೆ ಎಂದು ನಾವೇ ಹೇಳಬೇಕಾಗಬಹುದು.

ವಾಂತಿ ಮಾಡಿಸಿದರೆ ಹೆಚ್ಚು ಪ್ರಯೋಜನ ಮೊದಲ ಎರಡು ಗಂಟೆಯಲ್ಲಿ. ದ್ರಾಕ್ಷಿ ಹೊಟ್ಟೆಯಲ್ಲಿ ನಿಧಾನವಾಗಿ ಕರಗುವುದರಿಂದ ಆಮೇಲೂ ಡಾಕ್ಟರರು ಪ್ರಯತ್ನಿಸುತ್ತಾರೆ. ಊರಿನಲ್ಲಿ ಮಾಡುವಂತೆ ಉಪ್ಪುನೀರು ಕುಡಿಸಲು ಹೋಗಬೇಡಿ. ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರುತ್ತದೆ, ಉಪ್ಪೇ ನಾಯಿಯನ್ನು ಕೊಲ್ಲಬಹುದು.

ಈಗ ಫೋನು. ಬಡಾವಣೆಯ ಡಾಕ್ಟರ ಬಾಗಿಲು ಮುಚ್ಚಿರುತ್ತದೆ, ಆದರೂ ಮೊದಲು ಅದೇ ನಂಬರಿಗೆ ಮಾಡಿ: ಅವತ್ತಿನ ತುರ್ತು ಸರದಿ ಯಾರದು ಎಂದು ರೆಕಾರ್ಡ್ ಮಾಡಿದ ದನಿ ಸಾಮಾನ್ಯವಾಗಿ ಹೇಳುತ್ತದೆ. ಈ ಸರದಿಗೆ ನೋಟ್‌ಡೀನ್ಸ್ಟ್ ಎನ್ನುತ್ತಾರೆ. 116117 ಮನುಷ್ಯರ ಡಾಕ್ಟರಿಗೆ, ಅಲ್ಲಿ ನಾಯಿಗೆ ದಾರಿಯಿಲ್ಲ. ಪಶುವೈದ್ಯ ಕಲಿಸುವ ವಿಶ್ವವಿದ್ಯಾಲಯಗಳಿರುವ ಐದು ಊರುಗಳಲ್ಲಿ, ಅಂದರೆ ಮ್ಯೂನಿಕ್, ಬರ್ಲಿನ್, ಹಾನೋವರ್, ಲೈಪ್‌ಜಿಗ್, ಗೀಸನ್‌ಗಳಲ್ಲಿ, ಅವುಗಳ ಆಸ್ಪತ್ರೆಯನ್ನೂ ವಿಚಾರಿಸಬಹುದು. ಫೋನ್ ಮಾಡದೆ ನಾಯಿ ಎತ್ತಿಕೊಂಡು ಓಡಬೇಡಿ. 'ಟಿಯರ್‌ಕ್ಲಿನಿಕ್', ಅಂದರೆ ಪ್ರಾಣಿಗಳ ಆಸ್ಪತ್ರೆ, ಎಂದು ಬೋರ್ಡ್ ಹಾಕಬೇಕಾದರೆ ಸಾಮಾನ್ಯವಾಗಿ 24 ಗಂಟೆ ಸೇವೆ ಕೊಡಬೇಕು; ಜನ ಸಾಲದೆ ಎಷ್ಟೋ ಆಸ್ಪತ್ರೆಗಳು ಆ ಹೆಸರನ್ನೇ ಬಿಟ್ಟುಕೊಟ್ಟಿವೆ. ನಕ್ಷೆಯಲ್ಲಿ ಹಳೆಯ ಮಾಹಿತಿ ಉಳಿದಿರುತ್ತದೆ.

ಫೋನಿನಲ್ಲಿ ಹೇಳಬೇಕಾದದ್ದು ನಾಲ್ಕೇ ಮಾತು: ನಾಯಿಯ ತೂಕ ಎಷ್ಟು ಕಿಲೋ, ಏನು ತಿಂದಿತು, ಎಷ್ಟು ಗ್ರಾಂ, ಎಷ್ಟು ಹೊತ್ತಾಯಿತು. ಪೊಟ್ಟಣದ ಮೇಲಿನ ತೂಕದಿಂದ ಉಳಿದದ್ದನ್ನು ಕಳೆದರೆ ಗ್ರಾಂ ಲೆಕ್ಕ ಸಿಗುತ್ತದೆ. 'ಮೈನ್ ಹುಂಡ್ ಹಾಟ್ ರೋಸಿನೆನ್ ಗೆಫ್ರೆಸೆನ್' (ನನ್ನ ನಾಯಿ ಒಣದ್ರಾಕ್ಷಿ ತಿಂದಿದೆ) ಎಂದರೆ ಸಾಕು, ಮುಂದಿನದು ಹೆಚ್ಚಿನ ಕಡೆ ಇಂಗ್ಲಿಷಿನಲ್ಲಿ ನಡೆಯುತ್ತದೆ.

ಆಸ್ಪತ್ರೆಯಲ್ಲಿ ತೂಕ ನೋಡಿ ವಾಂತಿ ಬರಿಸುವ ಅಪೊಮಾರ್ಫಿನ್ ಚುಚ್ಚುತ್ತಾರೆ. ಹತ್ತು ನಿಮಿಷದೊಳಗೆ ನಾಯಿ ಜೊಲ್ಲು ಸುರಿಸಿ, ತಲೆ ತಗ್ಗಿಸಿ, ಬಿಟ್ಟುಬಿಟ್ಟು ನಾಲ್ಕಾರು ಸಲ ಕಕ್ಕುತ್ತದೆ. ನೀರು ಕುಡಿದು ದುಂಡಗೆ ಉಬ್ಬಿದ ದ್ರಾಕ್ಷಿಗಳು ತಟ್ಟೆಗೆ ಬೀಳುತ್ತವೆ, ನರ್ಸ್ ಅವನ್ನು ಕೆದಕಿ ಎಣಿಸುತ್ತಾಳೆ. ಗೋಡಂಬಿಯೂ ಲೆಕ್ಕಕ್ಕೆ ಸಿಗುತ್ತದೆ, ಪಾಪ. ಬಳಿಕ ವಾಂತಿ ನಿಲ್ಲುವ ಔಷಧಿ, ಕೆಲವು ಕಡೆ ಇದ್ದಿಲ ಪುಡಿ ಕಲಸಿದ ಕಪ್ಪು ದ್ರವ. ಕ್ರಿಯಾಟಿನಿನ್, ಯೂರಿಯಾ ನೋಡಲು ರಕ್ತ ತೆಗೆಯುತ್ತಾರೆ. ಇದು ಕಿಡ್ನಿಯ ಇವತ್ತಿನ ಸ್ಥಿತಿಯಷ್ಟೇ; ನಿಜವಾದ ಫಲಿತಾಂಶ ಮುಂದಿನ ಮೂರು ದಿನದ ಪರೀಕ್ಷೆಗಳಲ್ಲಿ. ಹೆಚ್ಚು ತಿಂದಿದ್ದರೆ ಎರಡು ದಿನ ಡ್ರಿಪ್ ಹಾಕಿ ಉಳಿಸಿಕೊಳ್ಳುತ್ತಾರೆ.

ಭಾರತದಿಂದ ಬಂದ ನಾಯಿಯಾದರೆ ಕೇಳದಿದ್ದರೂ ಹೇಳಿ. ನಮ್ಮ ಕಡೆ ಉಣ್ಣಿ ಹುಳ ಕಚ್ಚಿ ಬರುವ ಜ್ವರ, ಅಂದರೆ ಎರ್ಲಿಕಿಯಾ, ಮೈಯಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಎದ್ದು ಕೂರುತ್ತದೆ. ಪ್ಲೇಟ್‌ಲೆಟ್ ಕಡಿಮೆ ಬಂದಾಗ ಡಾಕ್ಟರರಿಗೆ ಈ ಒಂದು ಮಾತು ದಾರಿ ತೋರಿಸುತ್ತದೆ. ಚಿಪ್ ನಂಬರ್, ರೇಬಿಸ್ ಸ್ಟಿಕ್ಕರ್ ಇರುವ ಪುಟ ಮೊಬೈಲಿನಲ್ಲಿರಲಿ. ಊರಿನಲ್ಲಿ ಹಾಕಿಸಿದ ಚಿಪ್ ಇಲ್ಲಿ ಯಾವ ದಾಖಲೆಗೂ ತಾನಾಗಿ ಸೇರುವುದಿಲ್ಲ, ಟಾಸೋ ಎಂಬ ಸಂಸ್ಥೆಯಲ್ಲಿ ಉಚಿತವಾಗಿ ನೋಂದಾಯಿಸಬಹುದು.

ಬಿಲ್ಲಿನ ಬಗ್ಗೆ ಚೌಕಾಸಿ ನಡೆಯುವುದಿಲ್ಲ. ದರ ಸರ್ಕಾರದ್ದು, ಈಗಿನ ಪಟ್ಟಿ 2022ರ ನವೆಂಬರ್ 22ರಿಂದ ಜಾರಿಯಲ್ಲಿದೆ. ನಾಯಿಯ ಸಾಮಾನ್ಯ ತಪಾಸಣೆಗೆ ಅದರಲ್ಲಿ 23.62 ಯೂರೋ, ಇದು ಕನಿಷ್ಠ. ಮಾಮೂಲಿ ಹೊತ್ತಿನಲ್ಲಿ ಇದರ ಮೂರು ಪಟ್ಟಿನವರೆಗೂ ಕೇಳಬಹುದು, ತುರ್ತಿನಲ್ಲಿ ಎರಡರಿಂದ ನಾಲ್ಕು ಪಟ್ಟು. ಅದರ ಮೇಲೆ 50 ಯೂರೋ ತುರ್ತು ಶುಲ್ಕ, ಎಲ್ಲಕ್ಕೂ 19% ತೆರಿಗೆ. ಅಂದರೆ ಭಾನುವಾರ ಡಾಕ್ಟರು ನಾಯಿಯನ್ನು ಮುಟ್ಟಿ ನೋಡಿದ್ದಕ್ಕೇ ಕಡಿಮೆಯೆಂದರೂ ಸುಮಾರು 116 ಯೂರೋ. ಚುಚ್ಚುಮದ್ದು, ರಕ್ತಪರೀಕ್ಷೆ ಬೇರೆ. ಹಣ ಅಲ್ಲೇ ಕಟ್ಟಿ ಬರಬೇಕು. ಅಗ್ಗವೆಂದು ಆಪರೇಷನ್ನಿಗೆ ಮಾತ್ರ ವಿಮೆ ಮಾಡಿಸಿದವರಿಗೆ ದ್ರಾಕ್ಷಿ ಪ್ರಕರಣದಲ್ಲಿ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ, ಇಲ್ಲಿ ಆಪರೇಷನ್ನೇ ಇಲ್ಲವಲ್ಲ. ಪೂರ್ಣ ವಿಮೆ ತೆಗೆದುಕೊಳ್ಳುವಾಗ ನಾಲ್ಕು ಪಟ್ಟಿನವರೆಗೂ ಕೊಡುತ್ತಾರೆಯೇ ಎಂದು ಓದಿ ನೋಡಿ.

ತುರ್ತು ದರದ ಅವಧಿ ವಾರದ ದಿನಗಳಲ್ಲಿ ಸಂಜೆ 6ರಿಂದ ಬೆಳಿಗ್ಗೆ 8, ವಾರಾಂತ್ಯದಲ್ಲಿ ಶುಕ್ರವಾರ ಸಂಜೆ 6ರಿಂದ ಸೋಮವಾರ ಬೆಳಿಗ್ಗೆ 8, ಜೊತೆಗೆ ಹಬ್ಬದ ರಜೆಗಳು. ಶನಿವಾರ ಮಾಮೂಲಿ ಕ್ಲಿನಿಕ್ ನಡೆಸುವವರ ಹತ್ತಿರ ಆ ಹೊತ್ತಿಗೆ ತುರ್ತು ಶುಲ್ಕವಿಲ್ಲ. ಹೀಗಾಗಿ ನಾಯಿಯನ್ನು ಮನೆಗೆ ಕಳಿಸಿದ್ದರೆ, 24, 48, 72 ಗಂಟೆಯ ರಕ್ತಪರೀಕ್ಷೆಗಳನ್ನು ಬಡಾವಣೆಯ ಡಾಕ್ಟರ ಹತ್ತಿರವೇ ಹಗಲು ಹೊತ್ತಿನಲ್ಲಿ ಮಾಡಿಸಿಕೊಳ್ಳಬಹುದು. ಹೊರಡುವ ಮುನ್ನ ಮೊದಲ ಪರೀಕ್ಷೆಯ ವರದಿ ಕೇಳಿ ಪಡೆಯಿರಿ, ಹೋಲಿಸಿ ನೋಡಲು ಸೋಮವಾರ ಅದೇ ಬೇಕು.