ನಿಧಾನವಾಗಿ ಓಡಲು ಕಲಿತ ಬಗೆ

ಶಾಲೆಯಲ್ಲಿದ್ದಷ್ಟು ಕಾಲವೂ ನನ್ನ ಓಟವನ್ನು ಅಳೆದದ್ದು ನೂರು ಮೀಟರಿನಿಂದ ಮಾತ್ರ. ವರ್ಷಕ್ಕೊಮ್ಮೆ ಬರುತ್ತಿದ್ದ ಕ್ರೀಡಾದಿನದಂದು ಸುಣ್ಣದ ಗೆರೆಯ ಹಿಂದೆ ನಿಂತು, ಸೀಟಿ ಕೇಳಿದೊಡನೆ ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಓಡಿ, ಪ್ರತಿ ಸಲವೂ ಕೊನೆಯವಳಾಗಿಯೋ ಕೊನೆಯಿಂದ ಎರಡನೆಯವಳಾಗಿಯೋ ಆಚೆ ತುದಿಯನ್ನು ಮುಟ್ಟುತ್ತಿದ್ದೆ. ಆಟೋಟ ನನಗೆ ಒಗ್ಗುವುದಿಲ್ಲ ಎಂಬ ತೀರ್ಮಾನವನ್ನು ಯಾವ ವಯಸ್ಸಿನಲ್ಲಿ ಒಪ್ಪಿಕೊಂಡೆನೋ ನೆನಪಿಲ್ಲ. ನನ್ನ ಎತ್ತರ ಇಷ್ಟು, ರಕ್ತದ ಗುಂಪು ಇಂಥದ್ದು ಎನ್ನುವಂತೆ ಅದೂ ನನ್ನ ಬಗೆಗಿನ ಒಂದು ಮಾಹಿತಿಯಾಗಿ ಉಳಿದುಬಿಟ್ಟಿತು. ಆ ಮಾಹಿತಿ ತಪ್ಪಾಗಿತ್ತು ಎಂದು ತಿಳಿದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ.

ಲೆಕ್ಕಪರಿಶೋಧನೆ ನನ್ನ ವೃತ್ತಿ. ದಿನಕ್ಕೆ ಒಂಬತ್ತು ಹತ್ತು ಗಂಟೆ ಕುರ್ಚಿಯಲ್ಲಿ ಕುಳಿತೇ ಆಗುವ ಕೆಲಸ ಅದು. ಒಂದು ದಿನ ಲಿಫ್ಟ್ ಕೆಟ್ಟಿದ್ದರಿಂದ ಎರಡು ಕಡತಗಳನ್ನು ಹಿಡಿದು ನಾಲ್ಕನೆಯ ಮಹಡಿಗೆ ಮೆಟ್ಟಿಲು ಹತ್ತಿದೆ. ಸಭೆಯಲ್ಲಿ ಮೊದಲು ಮಾತನಾಡಬೇಕಾದವಳು ನಾನೇ ಆಗಿದ್ದೆ, ಆದರೆ ಕುಳಿತು ಕೆಲವು ನಿಮಿಷ ಕಳೆದರೂ ಬಾಯಿಂದ ಒಂದು ಪೂರ್ತಿ ವಾಕ್ಯ ಹೊರಡಲಿಲ್ಲ. ಆ ವಾರವೇ ಮಾಡಿಸಿದ ತಪಾಸಣೆಯಲ್ಲಿ ವಿಶ್ರಾಂತಿಯ ನಾಡಿ ನಿಮಿಷಕ್ಕೆ 86 ಇತ್ತು, ರಕ್ತದೊತ್ತಡ ಗಡಿಯಲ್ಲಿತ್ತು. ಮಾತ್ರೆ ಈಗಲೇ ಬೇಡ, ಮೊದಲು ದೇಹಕ್ಕೆ ಕೆಲಸ ಕೊಡಿ ಎಂದರು ವೈದ್ಯರು.

ನಮ್ಮಂಥ ಕುಳಿತು ದುಡಿಯುವವರ ಬಗ್ಗೆ ಆ ದಿನಗಳಲ್ಲಿ ಓದಿದ ಒಂದು ಅಧ್ಯಯನ ನನ್ನನ್ನು ಬಹಳ ಕಾಡಿತು. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ ಜೆರೆಮಿ ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಚಾಲಕ ಪಾಳಿಯ ಬಹುಪಾಲು ಕುಳಿತೇ ಇರುತ್ತಿದ್ದ, ಕಂಡಕ್ಟರ್ ದಿನವಿಡೀ ಮೇಲಂತಸ್ತಿಗೆ ಹತ್ತಿ ಇಳಿಯುತ್ತಿದ್ದ. ಒಂದೇ ಸಂಸ್ಥೆ, ಒಂದೇ ಬಸ್ಸು. ಆದರೂ ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಸ್ಪಷ್ಟವಾಗಿ ಕಡಿಮೆಯಿತ್ತು. ಆ ಮೆಟ್ಟಿಲುಗಳನ್ನು ಅವರು ಯಾರನ್ನೂ ಹಿಂದೆ ಹಾಕಲು ಹತ್ತಿರಲಿಲ್ಲ, ಯಾರೂ ಗಡಿಯಾರ ಹಿಡಿದು ನಿಂತಿರಲೂ ಇಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಉಳಿಯಿತು. ಆದರೆ ಮರುದಿನ ಮೈದಾನಕ್ಕೆ ಹೋದಾಗ ಅದನ್ನು ಮರೆತು, ನನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ, ಅಂದರೆ ಸೀಟಿ ಊದಿದ ಹಾಗೆ ಓಡಿದೆ. ಅರ್ಧ ಸುತ್ತಿಗೆ ಉಸಿರು ಕಟ್ಟಿತು. ನಾಲ್ಕು ದಿನ ಇದೇ ಆಯಿತು.

ನಾಲ್ಕನೆಯ ದಿನ, ಮಂಡಿಯ ಮೇಲೆ ಕೈಯೂರಿ ಬಾಗಿ ನಿಂತಿದ್ದಾಗ, ಅದೇ ಮೈದಾನದಲ್ಲಿ ದಿನವೂ ಓಡುತ್ತಿದ್ದ, ಅರವತ್ತು ದಾಟಿದ ಹಿರಿಯರೊಬ್ಬರು ಹತ್ತಿರ ಬಂದರು. "ನೀವು ಪ್ರತಿದಿನ ಸ್ಪರ್ಧೆಗೆ ಇಳಿದವರ ಹಾಗೆ ಓಡುತ್ತಿದ್ದೀರಮ್ಮ. ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಷ್ಟು ನಿಧಾನ ಮಾಡಿ. ಮಾತು ತುಂಡಾಗುತ್ತಿದೆ ಅನ್ನಿಸಿದರೆ ನಡೆಯಿರಿ," ಎಂದರು. ಅವರ ಜೊತೆ ಒಂದು ಸುತ್ತು ಹೋದೆ. ನಡಿಗೆಗಿಂತ ಕೊಂಚವೇ ಚುರುಕಾಗಿದ್ದ ಆ ಗತಿಯನ್ನು ಓಟ ಎಂದು ಕರೆಯಬಹುದೆಂದು ಅದುವರೆಗೆ ನನಗೆ ಯಾರೂ ಹೇಳಿರಲಿಲ್ಲ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಆರಂಭಿಸಿ, ವಾರದಿಂದ ವಾರಕ್ಕೆ ಓಟವನ್ನು ಹಿಗ್ಗಿಸುತ್ತಾ, ನಡಿಗೆಯನ್ನು ಕುಗ್ಗಿಸುತ್ತಾ ಹೋಗಿ, ಹನ್ನೊಂದನೆಯ ವಾರದಲ್ಲಿ ಮೂವತ್ತು ನಿಮಿಷ ನಿಲ್ಲದೆ ಓಡಿದೆ. ಅಂದು ಮನೆಗೆ ಬಂದು ಯಾರಿಗೂ ಹೇಳದೆ ಸ್ವಲ್ಪ ಹೊತ್ತು ಬಾಗಿಲ ಬಳಿಯೇ ಕುಳಿತಿದ್ದೆ.

ನಿಧಾನವಾಗಿ ಓಡಿದರೆ ದೇಹ ಬಲಗೊಳ್ಳುವುದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ, ಏಕೆಂದರೆ ಕಷ್ಟಪಟ್ಟಷ್ಟೇ ಫಲ ಎಂಬ ನಂಬಿಕೆಯಲ್ಲಿ ಬೆಳೆದವಳು ನಾನು. ಓದುತ್ತಾ ಹೋದಂತೆ ಒಂದಷ್ಟು ತಿಳಿಯಿತು. ನೂರು ಮೀಟರಿನ ಓಟದಲ್ಲಿ ಸ್ನಾಯುಗಳು ಬಹುಮಟ್ಟಿಗೆ ತಮ್ಮೊಳಗೆ ಸಿದ್ಧವಾಗಿರುವ ಇಂಧನವನ್ನೇ ಸುಡುತ್ತವೆ. ಆಮ್ಲಜನಕ ಬಂದು ಸೇರುವುದರೊಳಗೆ ಓಟವೇ ಮುಗಿದಿರುತ್ತದೆ. ದೂರದ ಓಟ ನಡೆಯುವುದು ಆಮ್ಲಜನಕದ ಬಲದಿಂದ. ಮಾತನಾಡಬಲ್ಲಷ್ಟು ಹಗುರಾದ ಗತಿಯಲ್ಲಿ ವಾರಗಟ್ಟಲೆ ಓಡಿದಾಗ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ಜೀವಕೋಶಗಳೊಳಗೆ ಶಕ್ತಿಯನ್ನು ತಯಾರಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ, ಕೊಬ್ಬನ್ನು ಇಂಧನವಾಗಿ ಬಳಸುವ ಸಾಮರ್ಥ್ಯ ಬೆಳೆಯುತ್ತದೆ. ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಹೃದಯದ ವಿಷಯ. ತರಬೇತಿಯಿಂದ ಹೃದಯದ ಗರಿಷ್ಠ ಬಡಿತ ಏರುವುದಿಲ್ಲ. ಒಂದೊಂದು ಬಡಿತಕ್ಕೆ ಅದು ಹೊರದೂಡುವ ರಕ್ತದ ಪ್ರಮಾಣ ಏರುತ್ತದೆ, ಹಾಗಾಗಿ ಸುಮ್ಮನೆ ಕುಳಿತಾಗ ಅದು ಕಡಿಮೆ ಬಾರಿ ಬಡಿದರೂ ಸಾಕಾಗುತ್ತದೆ.

ಇದನ್ನು ಪ್ರಯೋಗಶಾಲೆಯ ಹೊರಗೆ, ತನ್ನ ದೇಹದ ಮೇಲೆಯೇ ಪ್ರಯೋಗ ಮಾಡಿ ಕಂಡುಕೊಂಡವರು ನ್ಯೂಜಿಲೆಂಡಿನ ಆರ್ಥರ್ ಲಿಡಿಯರ್ಡ್. ಶೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅವರು ತಾನು ಗಟ್ಟಿಯಾಗಿಯೇ ಇದ್ದೇನೆಂದು ತಿಳಿದಿದ್ದವರು, ಗೆಳೆಯನೊಬ್ಬನ ಜೊತೆ ಐದು ಮೈಲಿ ಓಡಿ ಬಸವಳಿದ ಮೇಲೆ ಸಹಿಷ್ಣುತೆಯನ್ನು ಬೆಳೆಸುವುದು ಹೇಗೆಂದು ಹುಡುಕಲು ತೊಡಗಿದರು. ವಾರಕ್ಕೆ ನೂರು ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್ ಓಡುವ ಕ್ರಮವನ್ನು ಅವರು 800 ಮೀಟರ್ ಓಟಗಾರನಿಗೂ ವಿಧಿಸಿದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರಿನಲ್ಲಿಯೂ ಮರ್ರೆ ಹ್ಯಾಲ್ಬರ್ಗ್ 5000 ಮೀಟರಿನಲ್ಲಿಯೂ ಒಂದೇ ದಿನ ಚಿನ್ನ ಗೆದ್ದರು. ಅದೇ ರೋಮ್‌ನಲ್ಲಿ ಮಹಿಳೆಯರ 800 ಮೀಟರ್ ಓಟ ಮೂವತ್ತೆರಡು ವರ್ಷಗಳ ಬಳಿಕ ಮರಳಿ ಬಂದಿತ್ತು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಆ ಓಟ ಮುಗಿಸಿದವರು ದಣಿದದ್ದನ್ನು ದೊಡ್ಡದು ಮಾಡಿ, ಇಷ್ಟು ದೂರ ಹೆಂಗಸರ ದೇಹಕ್ಕೆ ಸಲ್ಲದೆಂದು ಅದನ್ನು ಕೈಬಿಡಲಾಗಿತ್ತು. ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಸೇರಲು 1984ರವರೆಗೆ ಕಾಯಬೇಕಾಯಿತು. ಯಾರೋ ಒಮ್ಮೆ ನೋಡಿ ಬರೆದಿಟ್ಟ ತೀರ್ಪಿನ ಅಡಿಯಲ್ಲಿ ಎಷ್ಟು ಜನರ ಎಷ್ಟು ವರ್ಷಗಳು ಕಳೆದುಹೋಗುತ್ತವೆ ಎಂದು ಯೋಚಿಸಿದಾಗ ನನಗೆ ಈಗಲೂ ಸಂಕಟವಾಗುತ್ತದೆ. ಶಾಲೆಗಳಲ್ಲಿ ಮಕ್ಕಳನ್ನು ಓಡಿಸುವವರು ವೇಗದ ಓಟದ ಜೊತೆಗೆ, ಗಡಿಯಾರವಿಲ್ಲದ ಒಂದು ದೂರದ ಓಟವನ್ನೂ ಇಡಬೇಕೆಂಬುದು ನನ್ನ ಪ್ರಾಮಾಣಿಕ ಬೇಡಿಕೆ.

ಆರನೆಯ ತಿಂಗಳಲ್ಲಿ ನಾನೇ ಒಂದು ತಪ್ಪು ಮಾಡಿದೆ. ಉಸಿರು ಸಲೀಸಾಗಿತ್ತು, ಮನಸ್ಸು ಹುರುಪಿನಲ್ಲಿತ್ತು, ಹಾಗಾಗಿ ವಾರಕ್ಕೆ 18 ಕಿಲೋಮೀಟರ್ ಇದ್ದ ಓಟವನ್ನು ಮೂರೇ ವಾರಗಳಲ್ಲಿ 32ಕ್ಕೆ ಏರಿಸಿದೆ. ಬೆಳಿಗ್ಗೆ ಹಾಸಿಗೆಯಿಂದ ಕಾಲಿಟ್ಟೊಡನೆ ಬಲ ಹಿಮ್ಮಡಿಯ ಮೇಲ್ಭಾಗ ಬಿಗಿದು ನೋಯತೊಡಗಿತು. ಫಿಸಿಯೋಥೆರಪಿಸ್ಟ್ ಬೆರಳಿನಿಂದ ಒತ್ತಿ ನೋಡಿ, ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಅಕಿಲಿಸ್ ಸ್ನಾಯುರಜ್ಜು ಅತಿಭಾರಕ್ಕೆ ಸಿಕ್ಕಿದೆ ಎಂದರು. ಹೃದಯವೂ ಶ್ವಾಸಕೋಶವೂ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತವೆ, ಆದರೆ ರಕ್ತದ ಪೂರೈಕೆ ಕಡಿಮೆಯಿರುವ ಸ್ನಾಯುರಜ್ಜುಗಳು ಬಲಗೊಳ್ಳಲು ತಿಂಗಳುಗಳೇ ಬೇಕು. ದೊಡ್ಡವರಾದ ಮೇಲೆ ಓಟ ಆರಂಭಿಸುವವರಲ್ಲಿ ಅನೇಕರು ಮೊದಲ ವರ್ಷದಲ್ಲೇ ನೋವಿಗೆ ಬೀಳುವುದಕ್ಕೆ ಈ ಅಂತರವೇ ಒಂದು ಮುಖ್ಯ ಕಾರಣವೆಂದು ನನ್ನ ಅನಿಸಿಕೆ. ಉಸಿರು ಕೊಡುವ ಅನುಮತಿಯನ್ನು ಕಾಲುಗಳೂ ಕೊಟ್ಟಿವೆ ಎಂದು ನಾವು ಭಾವಿಸಿಬಿಡುತ್ತೇವೆ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸುವ ವ್ಯಾಯಾಮವನ್ನು ದಿನಕ್ಕೆರಡು ಹೊತ್ತು ಹನ್ನೆರಡು ವಾರ ಮಾಡಿದೆ. ಹಿಂದೊಮ್ಮೆ ನನ್ನ ಉಸಿರು ಕಟ್ಟಿಸಿದ್ದ ಕಚೇರಿಯ ಅದೇ ಮೆಟ್ಟಿಲುಗಳಲ್ಲಿ, ಊಟದ ಬಿಡುವಿನಲ್ಲಿ, ಹದಿನೈದರಂತೆ ಮೂರು ಬಾರಿ.

ಆ ಹನ್ನೆರಡು ವಾರಗಳಲ್ಲಿ ಓಟದ ಬದಲು ಸೈಕಲ್ ತುಳಿದೆ. ಸೈಕಲ್ಲಿನ ದೂರಯಾನಗಳಲ್ಲಿ ಬ್ರೆವೆ ಎಂಬುದೊಂದಿದೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಗಳೊಳಗೆ ಮುಗಿಸಿದರೆ ಸಾಕು, ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ದೊರೆಯುವ ಮನ್ನಣೆ ಒಂದೇ. ನಾನಿನ್ನೂ ಅದಕ್ಕೆ ಇಳಿದಿಲ್ಲ, ಇಳಿಯುವ ಆಸೆಯಂತೂ ಇದೆ.

ಓಟ ಆರಂಭಿಸಿದ ಎರಡನೆಯ ವರ್ಷದಲ್ಲಿ ಹಾಫ್ ಮ್ಯಾರಥಾನ್ ಓಡಿದೆ. 21 ಕಿಲೋಮೀಟರ್ 97.5 ಮೀಟರ್. ಲೆಕ್ಕಗಳನ್ನು ಮುಗಿಸಿ ಸಹಿ ಹಾಕಬೇಕಾದ ತಿಂಗಳುಗಳಲ್ಲಿ ತರಬೇತಿ ಕುಂಟಿತ್ತು. ವಾರದ ಮಧ್ಯದ ಓಟಗಳು ಇಪ್ಪತ್ತು ನಿಮಿಷಕ್ಕೆ ಇಳಿದಿದ್ದವು, ಆದರೆ ರಜಾದಿನದ ದೂರದ ಓಟವೊಂದನ್ನು ಬಿಟ್ಟಿರಲಿಲ್ಲ. ಆರಂಭದ ಗೆರೆ ದಾಟಿದೊಡನೆ ನೂರಾರು ಜನ ನನ್ನನ್ನು ದಾಟಿ ಮುಂದೆ ಹೋದರು. ಶಾಲೆಯ ಮೈದಾನದ ಹಳೆಯ ನಾಚಿಕೆ ಎದೆಯಲ್ಲಿ ಎದ್ದು ಕಾಲುಗಳು ತಾವಾಗಿ ವೇಗ ಹೆಚ್ಚಿಸಿಕೊಳ್ಳತೊಡಗಿದವು. ಪಕ್ಕದಲ್ಲಿದ್ದ ಅಪರಿಚಿತ ಮಹಿಳೆಯೊಬ್ಬರ ಬಳಿ, ನನ್ನ ಮಾತು ತುಂಡಾಗುತ್ತಿದೆಯೇ ಎಂದು ತಿಳಿಯುವ ಸಲುವಾಗಿಯೇ, ಇದು ನಿಮಗೆ ಎಷ್ಟನೆಯ ಓಟ ಎಂದು ಕೇಳಿದೆ. ತುಂಡಾಗುತ್ತಿತ್ತು. ಗತಿ ಇಳಿಸಿದೆ. ಹದಿನಾರನೆಯ ಕಿಲೋಮೀಟರಿನ ನಂತರ, ಸ್ನಾಯುಗಳ ಸಕ್ಕರೆಯ ದಾಸ್ತಾನು ಮೊದಲೇ ಬಳಿದುಹೋಗಿ ನಡಿಗೆಗೆ ಇಳಿದಿದ್ದವರನ್ನು ಒಬ್ಬೊಬ್ಬರನ್ನಾಗಿ ದಾಟುತ್ತಾ, ಅವರ ದಣಿವನ್ನು ಕಂಡು ಮರುಗುತ್ತಾ, ಎರಡು ಗಂಟೆ ನಲವತ್ತೊಂದು ನಿಮಿಷಗಳಲ್ಲಿ ಮುಗಿಸಿದೆ.

ಈಗ ವಿಶ್ರಾಂತಿಯ ನಾಡಿ 61 ಇದೆ. ಕಳೆದ ತಿಂಗಳು ಒಂದು ಮುಂಜಾನೆ, ಟ್ರ್ಯಾಕಿನಲ್ಲಿ ಬೇರೆ ಯಾರೂ ಇಲ್ಲದಿದ್ದಾಗ, ನೂರು ಮೀಟರಿನ ಗೆರೆಯ ಹಿಂದೆ ನಿಂತು, ಕೈಗಡಿಯಾರ ಒತ್ತಿ, ಶಾಲೆಯಲ್ಲಿ ಓಡುತ್ತಿದ್ದಂತೆಯೇ ಪೂರ್ತಿ ಬಲದಿಂದ ಓಡಿದೆ. ಇಪ್ಪತ್ತೊಂದು ಸೆಕೆಂಡುಗಳಾದವು. ಒಂದು ಸುತ್ತು ನಡೆದು ಉಸಿರನ್ನು ಹದಕ್ಕೆ ತಂದುಕೊಂಡು, ಆ ದಿನದ ಲೆಕ್ಕದಲ್ಲಿ ಬಾಕಿಯಿದ್ದ ಹನ್ನೆರಡು ಕಿಲೋಮೀಟರ್ ಓಡಲು ಹೊರಟೆ.